ಒಗೆಯಬಾರದಾಗಿದ್ದ ಸ್ವೆಟರು

ಆ ದಿನ ವಿಶೇಷವೇನೂ ಇರಲಿಲ್ಲ. ಮಕ್ಕಳ ಮನೆಯ ಹಿಂಭಾಗದ ಒಗೆಯುವ ಕೋಣೆಯಲ್ಲಿ ಅವಳು ಹಾಸಿಗೆ ಬಟ್ಟೆ ನೆನೆಹಾಕಿದಳು. ಗಂಡ ಕಿಟಕಿ ಪಕ್ಕದ ಮೇಜಿನ ಮೇಲೆ ಪುಟ್ಟ ಪುಟ್ಟ ಅಂಗಿಗಳಿಗೆ ನೀರು ಚಿಮುಕಿಸಿ ಇಸ್ತ್ರಿ ಮಾಡಿದ.

ಅಪ್ಪ ಅಮ್ಮ ಇಲ್ಲದ ಮಕ್ಕಳ ಮನೆ ಅದು. ಕೆಲವು ಮಕ್ಕಳನ್ನು ಹೊರದೇಶದವರು ದತ್ತು ತೆಗೆದುಕೊಂಡು ಹೋಗುತ್ತಿದ್ದರು. ಹೋಗುವ ಮಗುವಿನ ಕೊನೆಯ ಒಗೆತ ಅವಳದು, ಕೊನೆಯ ಇಸ್ತ್ರಿ ಅವನದು. ಇಬ್ಬರಿಗೂ ಸ್ವಂತ ಮಕ್ಕಳಿರಲಿಲ್ಲ. ಮಕ್ಕಳೆಲ್ಲ ಅವಳನ್ನು ಸೋಪಕ್ಕ ಅನ್ನುತ್ತಿದ್ದವು. ಆಮೇಲೆ ಆಯಾಗಳೂ ಹಾಗೇ ಕರೆದರು.

ಗಂಡನ ಕೈ ಓಡಿದಷ್ಟೂ ಬಾಯಿಯೂ ಓಡುತ್ತಿತ್ತು.

“ಲೇ, ಆ ದೇಶದಲ್ಲಿ ಚಳಿಗಾಲ ಪೂರ್ತಿ ಬಿಸಿಲೇ ಬರಲ್ವಂತೆ. ಬಟ್ಟೆ ಹೇಗೆ ಒಣಗುತ್ತೆ?”

“ಒಣಗದಿದ್ರೆ ಒದ್ದೆದೇ ಹಾಕ್ಕೋತಾರೆ. ನಿಮಗ್ಯಾಕ್ರೀ ಊರ ಉಸಾಬರಿ?”

“ಮೆಣಸು ಅಲ್ಲಿಗೇ ತಾನೆ ಹೋಗೋದು. ಅದಕ್ಕೆ ಕೇಳಿದೆ.”

ಮೆಣಸು ಅಂದರೆ ಆ ಮನೆಯ ಮೂರು ವರ್ಷದ ಹೆಣ್ಣುಮಗು. ಕಾಳಿನಷ್ಟೇ ಗಾತ್ರ, ಖಾರ ಮಾತ್ರ ಊರಿಗಾಗುವಷ್ಟು. ಮಧ್ಯಾಹ್ನ ಬೇರೆ ಮಕ್ಕಳು ಮಲಗಿದರೆ ಇದು ಕದ್ದು ಬಂದು ಒಗೆಯದ ಬಟ್ಟೆಯ ಬುಟ್ಟಿಯಲ್ಲಿ ಕೂರುತ್ತಿತ್ತು. ಬೈದರೆ ತಲೆಯ ಮೇಲೆ ಟವೆಲ್ ಎಳೆದುಕೊಂಡು “ನಾನು ಇಲ್ಲ” ಅನ್ನುತ್ತಿತ್ತು.

“ಅಲ್ಲಿ ಇದಕ್ಕೆ ಯಾರು ಇಸ್ತ್ರಿ ಮಾಡ್ತಾರೋ” ಅಂದ ಗಂಡ.

“ನೀವೂ ಬುಟ್ಟೀಲಿ ಕೂತ್ಕೊಂಡು ಹೋಗಿಬಿಡಿ.”

ಅವನು ನಕ್ಕ. ಕೆಲಸ ಮುಗಿಸಿ ಇಬ್ಬರೂ ಮನೆಗೆ ನಡೆದರು. ಅವಳು ಒಳಗೆ ಹೋಗಿ ನೀರು ಕಾಯಲು ಇಟ್ಟಳು. ಅವನು ಚಪ್ಪಲಿ ಬಿಚ್ಚಲು ಹೊಸ್ತಿಲ ಮೇಲೆ ಕೂತ.

“ಒಂದು ಜೊತೆ ಚಪ್ಪಲಿ ಬಿಚ್ಚೋಕೆ ಎಷ್ಟು ಹೊತ್ರೀ?” ಅಂತ ಒಳಗಿಂದಲೇ ಕೂಗಿದಳು. ಬಂದು ನೋಡಿದರೆ ಒಂದು ಚಪ್ಪಲಿ ಕೆಳಗಿತ್ತು, ಇನ್ನೊಂದು ಕಾಲಲ್ಲೇ ಇತ್ತು. ಅವನ ತಲೆ ಚೌಕಟ್ಟಿಗೆ ಒರಗಿತ್ತು, ಉಸಿರಿರಲಿಲ್ಲ. ಅಷ್ಟೇ.

ಬಂದವರು ಬಂದರು, ಅತ್ತರು, ಹೋದರು. ಎಲ್ಲರೂ ಹೋದ ಮೇಲೆ ಅವಳಿಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಗೂಟಕ್ಕೆ ನೇತಾಡುತ್ತಿದ್ದ ಅವನ ಅಂಗಿ ತೆಗೆದಳು. ಪಂಚೆ, ಟವೆಲ್, ಹೊದಿಕೆ, ದಿಂಬಿನ ಕವರು, ಕಿವಿಗೆ ಸುತ್ತುವ ಮಫ್ಲರು, ಒಂದೂ ಬಿಡಲಿಲ್ಲ. ನೆನೆಹಾಕಿ, ತಿಕ್ಕಿ, ಹಿಂಡಿ, ಒಣಹಾಕಿದಳು. ಊಟ ತಂದ ಆಯಾ ಬಾಗಿಲಲ್ಲೇ ನಿಂತುಬಿಟ್ಟಳು.

“ಇಷ್ಟು ಬೇಗ ಯಾಕೆ ಒಗೆದೆ ಸೋಪಕ್ಕಾ?”

“ಕೊಳೆ ಇತ್ತು. ಒಗೆದೆ.”

ಸಂಜೆ ಬಟ್ಟೆ ಎತ್ತಿಡುವಾಗ ಅಂಗಿಯನ್ನು ಮೂಗಿಗೆ ಹಿಡಿದಳು. ಸೋಪು. ಮಫ್ಲರು ಹಿಡಿದಳು. ಅದೂ ಸೋಪು. ದಿಂಬಿನ ಕವರನ್ನು ಒಳಗು ಹೊರಗು ಮಾಡಿ ನೋಡಿದಳು. ಅವನ ವಾಸನೆ ಎಲ್ಲೂ ಉಳಿದಿರಲಿಲ್ಲ. ಒಗೆತದಲ್ಲಿ ಅವಳನ್ನು ಮೀರಿಸುವವರು ಯಾರೂ ಇರಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಪ್ರಯೋಜನ? ಮಡಚಿ ಪೆಟ್ಟಿಗೆಯಲ್ಲಿಟ್ಟಳು. ಆ ಮಾತನ್ನು ಯಾರ ಹತ್ತಿರವೂ ಆಡಲಿಲ್ಲ.

ಕೆಲವು ವಾರ ಬಿಟ್ಟು ಕೆಲಸಕ್ಕೆ ಬಂದಳು. ಅವತ್ತು ಹಾಸಿಗೆ ಬಟ್ಟೆ ಬದಲಾಯಿಸುವ ದಿನ. ಗುಡ್ಡೆಯೊಳಗೆ ಒಂದು ಬೂದು ಬಣ್ಣದ ಸ್ವೆಟರು ಸಿಕ್ಕಿತು. ದೊಡ್ಡವರದು. ಕೊರಳಪಟ್ಟಿ ಕಪ್ಪಾಗಿತ್ತು. ತೋಳಿನ ತುಂಬ ಚಿಕ್ಕ ಚಿಕ್ಕ ಹಳದಿ ಕೂದಲು. ಯಾವ ಸೋಪು ಹಾಕಬೇಕು ಅಂತ ತಿಳಿಯಲು ಅವಳು ಮೊದಲು ಮೂಸಿ ನೋಡುವುದು ರೂಢಿ. ಮೂಸಿದವಳೇ ಮುಖ ತಿರುಗಿಸಿದಳು.

“ಥೂ! ಯಾರದಪ್ಪಾ ಇದು, ವರ್ಷದಿಂದ ನೀರು ಕಂಡಿಲ್ಲ.”

ಉಣ್ಣೆ ಕುಗ್ಗಬಾರದೆಂದು ತಣ್ಣೀರಲ್ಲಿ ಮೆತ್ತಗೆ ಒಗೆದಳು. ಕೂದಲನ್ನೆಲ್ಲ ಆರಿಸಿದಳು. ನೆರಳಲ್ಲಿ ಒಣಗಿಸಿದಳು. ಗಂಡ ಹೋದ ಮೇಲೆ ಮೊದಲ ಸಲ ಅವನ ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡಿ, ಮೇಲೊಂದು ಬಟ್ಟೆ ಹಾಸಿ ಹಗುರವಾಗಿ ಎಳೆದಳು. ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತು. ಯಾರದು ಅಂತ ಕೇಳಿದಾಗ “ಮೆಣಸಿನ ಮಂಚದ್ದು” ಅಂದರು. ಅಲ್ಲೇ ಮಡಚಿಟ್ಟು ಬಂದಳು.

ಅವತ್ತು ಸಂಜೆ ಮಕ್ಕಳನ್ನು ಮಲಗಿಸುವ ಹೊತ್ತಿಗೆ ಮಹಡಿಯಿಂದ ಚೀರಾಟ ಕೇಳಿತು. ಮೆಣಸು ಸ್ವೆಟರನ್ನು ಮೂಗಿಗೆ ಒತ್ತಿಕೊಳ್ಳುತ್ತಿತ್ತು, ಎಸೆಯುತ್ತಿತ್ತು, ಓಡಿ ಹೋಗಿ ಮತ್ತೆ ತರುತ್ತಿತ್ತು, ಮತ್ತೆ ಎಸೆಯುತ್ತಿತ್ತು. “ಇದು ಅಲ್ಲ! ಇದು ಅಲ್ಲ!”

ಆಯಾ ಸ್ವೆಟರು ಎತ್ತಿ ಮೂಸಿದಳು. ಹಾವು ತುಳಿದವಳ ಹಾಗೆ ಕೂಗಿದಳು. “ಅಯ್ಯೋ, ಸೋಪಕ್ಕಾ! ಇದನ್ನ ಒಗೆದುಬಿಟ್ಯಾ?”

“ನಾನೇ ಒಗೆದೆ. ಒಗೆಯೋಕೆ ತಾನೆ ನನ್ನ ಇಟ್ಕೊಂಡಿರೋದು?”

ಮನೆ ನಡೆಸುವ ದೊಡ್ಡಕ್ಕ ಬಂದರು. ಬೈಯಲಿಲ್ಲ. ಮಂಚದ ಅಂಚಿನಲ್ಲಿ ಕೂತು ವಿಷಯ ಹೇಳಿದರು. ಆ ಸ್ವೆಟರು ಮೆಣಸಿನ ಹೊಸ ತಾಯಿಯದು. ಆಕೆ ಅದನ್ನು ಎಷ್ಟೋ ದಿನ ತೊಟ್ಟು, ಅದರಲ್ಲೇ ಮಲಗಿ, ಒಗೆಯದೆ ಚೀಲದಲ್ಲಿ ಕಟ್ಟಿ ಕಳಿಸಿದ್ದಳು. ಮಗು ದಿನಾ ಅದನ್ನು ತಬ್ಬಿ ಮಲಗಿದರೆ ವಾಸನೆ ರೂಢಿಯಾಗುತ್ತದೆ. ತಾಯಿ ಬಂದಾಗ ತೀರಾ ಹೊಸಬಳು ಅನ್ನಿಸುವುದಿಲ್ಲ. ಈ ಪದ್ಧತಿ ಶುರುವಾದಾಗ ಸೋಪಕ್ಕ ಮನೆಯಲ್ಲಿ ಗಂಡನನ್ನು ಕಳೆದುಕೊಂಡು ಕೂತಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ.

“ಇನ್ನೊಂದು ತರಿಸಿ ಅಕ್ಕಾ.”

“ತರಿಸೋಕೆ ಹೊತ್ತೆಲ್ಲಿದೆ? ಈ ವಾರಾನೇ ಬರ್ತಿದ್ದಾರೆ. ಹೋದ ಸಲದ ಹುಡುಗನ್ನ ಮರೆತ್ಯಾ? ಗೇಟಿನ ಸರಳು ಹಿಡ್ಕೊಂಡು ಬಿಡಲೇ ಇಲ್ಲ. ಬಿಡಿಸಿ ಕಾರಿಗೆ ಹಾಕ್ಬೇಕಾಯ್ತು. ಇದಕ್ಕೂ ಹಾಗಾದ್ರೆ ನನ್ನ ಕೈಲಿ ನೋಡೋಕಾಗಲ್ಲ.”

ಅವಳಿಗೆ ನೆನಪಿತ್ತು. ಸರಳಿನ ತುಕ್ಕು ಆ ಹುಡುಗನ ಹೊಸ ಅಂಗಿಗೆ ಹತ್ತಿತ್ತು.

ಆದರೆ ಅವಳ ತಲೆಯಲ್ಲಿ ಆಗ ಬೇರೆಯದೇ ಹೊಕ್ಕಿತ್ತು. “ಅಲ್ಲಾ ಅಕ್ಕಾ, ನಿಜವಾಗ್ಲೂ ವಾಸನೆ ಹಿಡಿದು ಗುರುತು ಹಿಡಿಯುತ್ತಾ?”

“ಹಿಡಿಯುತ್ತಂತೆ.”

“ಎಷ್ಟು ದಿನ ನೆನಪಿರುತ್ತೆ?”

“ನನಗೇನು ಗೊತ್ತು?”

“ಒಗೆದ ಮೇಲೂ ಮೂಗಲ್ಲಿ ಉಳಿದಿರುತ್ತಾ?”

ದೊಡ್ಡಕ್ಕ ಅವಳ ಮುಖವನ್ನೇ ನೋಡಿದರು.

ಅವತ್ತಿನಿಂದ ಪ್ರಶ್ನೆಗಳು ಅವಳನ್ನು ಬಿಡಲಿಲ್ಲ. ಬಟ್ಟೆ ಹಿಂಡುತ್ತಾ ಆ ಸ್ವೆಟರಿನಲ್ಲಿ ಏನೇನಿತ್ತು ಅಂತ ನೆನೆಸಿಕೊಂಡಳು. ಬೆವರಿತ್ತು. ಸೌದೆಯ ಹೊಗೆ ಇತ್ತು. ಮತ್ತೊಂದಿತ್ತು, ಅವಳು ಥೂ ಅಂದದ್ದು ಅದಕ್ಕೇ. ಆ ಹಳದಿ ಕೂದಲು. ತೊಟ್ಟಿಯ ಮುಂದೆ ನಿಂತಿದ್ದವಳು ಒದ್ದೆ ಕೈಯಲ್ಲೇ ಆಫೀಸಿಗೆ ಹೋದಳು.

“ಅಕ್ಕಾ, ಅವರ ಮನೇಲಿ ನಾಯಿ ಇದೆ.”

“ಇರಬಹುದು. ಅದಕ್ಕೇನೀಗ?”

“ಫೋನ್ ಮಾಡಿ. ಬರೋವಾಗ ನಾಯಿ ಜೊತೆ ಮಲಗಿದ್ದ ಬಟ್ಟೆನೇ ಹಾಕ್ಕೊಂಡು ಬರಲಿ. ಒಗೆದಿರಬಾರದು.”

“ಪರದೇಶದ ಹೆಂಗಸಿಗೆ, ಕೊಳಕು ಬಟ್ಟೆ ಹಾಕ್ಕೊಂಡು ಬನ್ನಿ ಅಂತ ಹೇಗಮ್ಮಾ ಹೇಳೋದು?”

“ಬಾಯಲ್ಲಿ ಹೇಳೋದು.”

ದೊಡ್ಡಕ್ಕ ಹೇಳಿದರು. ಫೋನಿನ ಆ ಕಡೆ ನಗು. ಹಿಂದೆಯೇ ನಾಯಿ ಬೊಗಳಿದ್ದು ಅವಳಿಗೂ ಕೇಳಿಸಿತು.

ಅವರು ಬಂದರು. ಗಂಡ ಎತ್ತರ, ಹೆಂಡತಿ ಕುಳ್ಳಿ. ಇಬ್ಬರೂ ಮುಂದಿನ ಕೋಣೆಯಲ್ಲಿ ಕುರ್ಚಿಯ ತುದಿಯಲ್ಲಿ ಪರೀಕ್ಷೆಗೆ ಬಂದವರ ಹಾಗೆ ಕೂತಿದ್ದರು. ಆಕೆ ಆ ಸೆಕೆಯಲ್ಲೂ ಹಸಿರು ಸ್ವೆಟರು ತೊಟ್ಟು ಬೆವರುತ್ತಿದ್ದಳು. ಮೆಣಸು ಬಾಗಿಲವರೆಗೆ ಬಂತು, ಅಷ್ಟು ಉದ್ದದ ಗಂಡಸನ್ನು ನೋಡಿತು, ಆಯಾಳ ಕೈ ಕಚ್ಚಿ ಓಡಿಹೋಯಿತು.

ಎಲ್ಲಿಗೆ ಹೋಗುತ್ತದೆ? ನೇರ ಒಗೆಯುವ ಕೋಣೆಗೆ ಬಂತು. ಬುಟ್ಟಿ ಹತ್ತಿ ತಲೆಯ ಮೇಲೆ ಟವೆಲ್ ಎಳೆದುಕೊಂಡಿತು.

“ನಾನು ಇಲ್ಲ.”

“ನೀನಿಲ್ಲ. ಸರಿ” ಅಂದಳು ಅವಳು.

ದೊಡ್ಡಕ್ಕ ಆ ಹೆಂಗಸನ್ನು ಕರೆದುಕೊಂಡು ಬಂದರು. ಆಕೆ ಬುಟ್ಟಿಯ ಕಡೆ ಎರಡು ಹೆಜ್ಜೆ ಇಟ್ಟಳು. ಟವೆಲಿನ ಕೆಳಗಿಂದ ಚೀರಾಟ. ಆಕೆ ನಿಂತಳು. ಆಕೆಗೆ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಆ ಹೊತ್ತಲ್ಲಿ ಏನು ಮಾಡಬೇಕು ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಸೋಪಕ್ಕನಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ, ಖಾಲಿ ಕೈಗೆ ಕೆಲಸ ಬೇಕು. ತಂತಿಯಿಂದ ದೊಡ್ಡ ಹಾಸಿಗೆ ಬಟ್ಟೆ ಎಳೆದು ಒಂದು ತುದಿಯನ್ನು ಆ ಹೆಂಗಸಿನ ಕೈಗೆ ಕೊಟ್ಟಳು.

“ಹಿಡ್ಕೊಳ್ಳಿ. ಮಡಚೋಕೆ ಇಬ್ಬರು ಬೇಕು.”

ಭಾಷೆ ಬರದಿದ್ದರೂ ಆಕೆಗೆ ಅರ್ಥವಾಯಿತು. ಆದರೆ ಮಡಚಲು ಬರಲಿಲ್ಲ. ಬಲಕ್ಕೆ ಅಂದರೆ ಎಡಕ್ಕೆ ತಿರುಗಿಸಿದಳು. ಬಟ್ಟೆ ಹಗ್ಗವಾಯಿತು. ಬಿಡಿಸಲು ಹೋಗಿ ತಾನೇ ಸುತ್ತಿಕೊಂಡಳು.

“ಹಾಗಲ್ಲ!” ಅಂತು ಬುಟ್ಟಿ.

ಯಾರೂ ತಿರುಗಿ ನೋಡಲಿಲ್ಲ. ಮತ್ತೆ ಮಡಚಿದರು, ಮತ್ತೆ ತಪ್ಪಿತು. ಮೆಣಸಿಗೆ ತಡೆಯಲಾಗಲಿಲ್ಲ. ದಿನಾ ನೋಡಿ ಕಲಿತ ವಿದ್ಯೆ. ಇಳಿದು ಬಂದು ಆ ಹೆಂಗಸಿನ ಕೈಯಿಂದ ಬಟ್ಟೆಯ ಮೂಲೆ ಕಿತ್ತುಕೊಂಡು ಇನ್ನೊಂದು ಮೂಲೆಗೆ ಸೇರಿಸಿ ಕೊಟ್ಟಿತು. “ಹೀಗೆ” ಅಂದು ಬುಟ್ಟಿಗೆ ವಾಪಸು. ಎರಡನೇ ಬಟ್ಟೆಗೆ ಮತ್ತೆ ಇಳಿಯಿತು. ಮೂರನೆಯದಕ್ಕೆ ಹತ್ತಲೇ ಇಲ್ಲ. ಇಬ್ಬರೂ ಚಾಚಿ ಹಿಡಿದ ಬಟ್ಟೆಯ ಕೆಳಗೆ ಆ ಕಡೆಯಿಂದ ಈ ಕಡೆಗೆ ಓಡತೊಡಗಿತು.

ಓಡುತ್ತಾ ಓಡುತ್ತಾ ಆ ಹೆಂಗಸಿನ ತೋಳಿಗೆ ಅದರ ಮುಖ ತಾಗಿತು. ನಿಂತಿತು. ಮೂಗು ಅಲ್ಲೇ ಇಟ್ಟಿತು. ಹಿಂದೆ ಸರಿದು ಹಸಿರು ಸ್ವೆಟರನ್ನು ನೋಡಿತು. ಮತ್ತೆ ಮೂಗಿಟ್ಟಿತು.

“ನಂದು” ಅಂತು. ತೋಳು ಹಿಡಿದು ಜಗ್ಗಿತು. “ನನ್ನ ಸ್ವೆಟರು!”

ದೊಡ್ಡಕ್ಕ ಅದನ್ನು ಆಕೆಯ ಭಾಷೆಗೆ ತಂದು ಹೇಳಿದರು. ಆಕೆ ಬಟ್ಟೆಯ ತುದಿ ಬಿಡಲಿಲ್ಲ, ಸ್ವೆಟರಿನ ತೋಳೂ ಬಿಡಿಸಿಕೊಳ್ಳಲಿಲ್ಲ. ಹಾಗೇ ನೆಲಕ್ಕೆ ಕೂತಳು.

ಸೋಪಕ್ಕ ಅಳಲಿಲ್ಲ. ಅವಳ ಬುದ್ಧಿ ಆಗಲೇ ಮುಂದಿನದನ್ನು ಕೇಳುತ್ತಿತ್ತು. ಸರಿ, ಇಲ್ಲಿಗೆ ಅವರ ವಾಸನೆ ಬಂತು. ಅಲ್ಲಿಗೆ ಹೋದ ಮೇಲೆ ಮಗು ಇಲ್ಲಿನದನ್ನು ಹುಡುಕಿದರೆ? ಹೊಸ ಅಂಗಿ, ಹೊಸ ಚಪ್ಪಲಿ. ಹಳೆಯದು ಏನಾದರೂ ಜೊತೆಗೆ ಹೋದರೂ ಅವಳೇ ಉಜ್ಜಿ ಉಜ್ಜಿ ಒಗೆದು ಕಳಿಸಿದ್ದು. ಇಷ್ಟು ವರ್ಷ ಎಷ್ಟು ಮಕ್ಕಳನ್ನು ಹೀಗೆ ಬರಿಗೈಯಲ್ಲಿ ಕಳಿಸಿದೆನೋ ಅನ್ನಿಸಿತು.

ಬುಟ್ಟಿಗೆ ಕೈ ಹಾಕಿದಳು. ಮೆಣಸಿನ ದಿಂಬಿನ ಕವರು ತಳದಲ್ಲಿತ್ತು. ಜೊಲ್ಲಿನ ಕಲೆ, ತಲೆಗೆ ಹಚ್ಚಿದ ಎಣ್ಣೆಯ ಕಲೆ. ಚೀಲಕ್ಕೆ ತುರುಕಿ, ಬಾಯಿ ಬಿಗಿದು ಆ ಹೆಂಗಸಿಗೆ ಕೊಟ್ಟಳು.

“ಒಗೀಬೇಡಿ ಅಂತ ಹೇಳಿ ಅಕ್ಕಾ. ಮಗು ತಾನಾಗಿ ಬಿಡೋವರೆಗೂ ಒಗೀಬೇಡಿ.”

ಹೋಗುವ ದಿನ ಮೆಣಸು ಅತ್ತಿತು. ಅಳದೆ ಇರುತ್ತದೆಯೇ? ಆದರೆ ಗೇಟು ಹಿಡಿಯಲಿಲ್ಲ. ಅದರ ಒಂದು ಕೈಯಲ್ಲಿ ಸ್ವೆಟರಿನ ತೋಳು, ಇನ್ನೊಂದರಲ್ಲಿ ಚೀಲ. ಹಿಡಿಯಲು ಕೈ ಉಳಿದಿರಲಿಲ್ಲ.

ಆಮೇಲೊಮ್ಮೆ ಫೋನು ಬಂತು. ಕವರನ್ನು ಒಗೆದಿಲ್ಲವಂತೆ. ಮಗು ದಿನಾ ಅದರ ಮೇಲೇ ಮಲಗುವುದಂತೆ, ಈಗ ನಾಯಿಯೂ ಪಾಲು ಕೇಳುವುದಂತೆ. ಸೋಪಕ್ಕ ದೊಡ್ಡಕ್ಕನ ಮೂಲಕ ಒಂದೇ ಕೇಳಿದಳು, “ಅಲ್ಲಿ ಬಟ್ಟೆ ಹೇಗೆ ಒಣಗಿಸ್ತೀರಿ?” ಯಂತ್ರದಲ್ಲಿ ಅಂದರು. “ಓ” ಅಂದಳು. ಆ ಮಾತನ್ನು ಯಾರಿಗೆ ಹೇಳಬೇಕಿತ್ತೋ ಅವನಿರಲಿಲ್ಲ. ಅವನ ಬಟ್ಟೆ ಇದೆ, ಪೆಟ್ಟಿಗೆಯಲ್ಲಿ. ಸೋಪಿನ ವಾಸನೆಯೇ ಇದೆ. ಅದಕ್ಕೆ ಈಗ ಏನೂ ಮಾಡುವ ಹಾಗಿಲ್ಲ.

ಈಗಲೂ ಬೆಳಿಗ್ಗೆ ನಲ್ಲಿ ತಿರುಗಿಸುವ ಮೊದಲು ಅವಳು ಬಟ್ಟೆಯ ಗುಡ್ಡೆಯ ಮುಂದೆ ಕೂರುತ್ತಾಳೆ. ದೂರ ಹೋಗಲಿರುವ ಮಕ್ಕಳ ದಿಂಬಿನ ಕವರುಗಳನ್ನು ಒಂದೊಂದಾಗಿ ಆರಿಸಿ ತೆಗೆಯುತ್ತಾಳೆ. ಕೊಡವಿ, ಒಗೆಯದೆ, ಮಹಡಿ ಹತ್ತಿ ಅವರವರ ದಿಂಬಿಗೇ ಹಾಕಿ ಬರುತ್ತಾಳೆ. ಆಮೇಲೆ ಉಳಿದದ್ದನ್ನು ನೆನೆಹಾಕುತ್ತಾಳೆ.