ಎರಡನೆಯ ಪಟ್ಟಿ

ನನಗೆ ಈಗಲೂ ಅರ್ಥವಾಗಿಲ್ಲ. ಎಲ್ಲ ಅರ್ಥವಾಗಿದೆ ಎಂದು ಅವತ್ತು ಎದೆ ತಟ್ಟಿ ಹೇಳಿದವನೂ ನಾನೇ. ತಲೆಬಿಸಿ ಅದೇ.

ಬೆಳಂಬಾರದ ನಮ್ಮ ಕೇರಿಗೆ ಮೀನು ಒಣಗಿಸುವ ಕಟ್ಟೆ ಮಂಜೂರಾಗಿತ್ತು. ಸಿಮೆಂಟಿನ ನೆಲ, ಬಲೆ ಬಿಗಿದ ಚೌಕಟ್ಟುಗಳು, ನಲ್ಲಿ ನೀರು. ಖರ್ಚಿನಲ್ಲಿ ಒಂದು ಭಾಗ ಕೇಂದ್ರದ್ದು, ಒಂದು ಭಾಗ ರಾಜ್ಯದ್ದು. ಜಾಗ ಮತ್ತು ಮೈಕೆಲಸ ಊರಿನವರದು. ಕಾರವಾರದಲ್ಲಿ ನೌಕರಿ ಮಾಡುತ್ತ ಬಿಣಗಾದಲ್ಲಿ ಬಾಡಿಗೆಗಿದ್ದ ನಾನು ಭಾನುವಾರ ಊರಿಗೆ ಬರುತ್ತಿದ್ದೆ. ಅರ್ಜಿ ತುಂಬುವ ಕೆಲಸ ನನ್ನ ತಲೆಗೇ ಬಂತು. ಓದಿದವನೆಂಬ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಕಟ್ಟೆಗೆ ಹೊಂದುವ ಎತ್ತರದ ಜಾಗ ಒಂದೇ ಇತ್ತು: ನನ್ನ ಅಮ್ಮ, ಆಯಿ, ಮದುವೆಯಾಗಿ ಬಂದಾಗಿನಿಂದ ತಾರಲೆ ಮೀನು ಒಣಗಲು ಹರಡುತ್ತಿದ್ದ ಮರಳುದಿಬ್ಬ. ಕಾಗದಪತ್ರ ಏನೂ ಇರಲಿಲ್ಲ, ಆದರೂ ಬೇರೆ ಯಾರೂ ಅಲ್ಲಿ ಬುಟ್ಟಿ ಇಳಿಸುತ್ತಿರಲಿಲ್ಲ. ಅವಳ ಅನ್ನವೇ ಅದು.

"ಬಿಟ್ಟುಕೊಟ್ರೆ ನಂಗೆಂತದು?" ಎಂದು ಕೇಳಿದಳು.

"ಆಯೀ, ರಂಪಣಿ ಬಲೆ ಎಳದ ಹಂಗೇ ಇದು. ಹಗ್ಗಕ್ಕೆ ಕೈ ಹಾಕ್ದವ್ರಿಗೆಲ್ಲಾ ಮೀನು. ನೀ ಜಾಗನೇ ಕೊಡ್ತಿ, ಮೊದಲ್ನೇ ಪಾಲು ನಿಂದೇ."

ಅವಳು ದಿಬ್ಬದ ಮೇಲಿದ್ದ ಮೀನಿನ ಚಾಪೆ ಸುತ್ತಿದಳು.

ಅರ್ಜಿಯಲ್ಲಿ ಎರಡು ಪಟ್ಟಿಗಳಿದ್ದವು. ಒಂದು, ಯೋಜನೆಗೆ ಏನಾದರೂ ಕೊಡುವ ಸಹಭಾಗಿಗಳದ್ದು. ಇನ್ನೊಂದು, ಕಟ್ಟೆಯನ್ನು ಬಳಸುವ ಫಲಾನುಭವಿಗಳದ್ದು. ಮೊದಲನೆಯದರಲ್ಲಿ ಆಯಿಯ ಹೆಸರನ್ನು ಎಲ್ಲರಿಗಿಂತ ಮೇಲೆ, ದುಂಡಗೆ ಬರೆದೆ. ಎರಡನೆಯದರಲ್ಲಿ ಬರೆಯಲೇ ಇಲ್ಲ. ನಮ್ಮ ದಂಡೆಯಲ್ಲಿ ಬಲೆ ಎಳೆದವನನ್ನು ನಿನಗೂ ಮೀನು ಬೇಕೇ ಎಂದು ಯಾರೂ ಕೇಳುವುದಿಲ್ಲ. ಅವನ ಪಾಲಿನ ಮೀನಿನ ಗುಂಪೆ ತಾನಾಗಿ ಬೀಳುತ್ತದೆ. ಎರಡನೆಯ ಪಟ್ಟಿ ಏನೂ ಕೊಡದವರಿಗೆ ಎಂದುಕೊಂಡೆ. ಥತ್, ಎಂಥ ಬುದ್ಧಿ!

ಕಟ್ಟೆ ಮುಗಿಯಿತು, ಚೆಂದವಾಗಿಯೇ ಆಯಿತು. ಚೌಕಟ್ಟು ಹಂಚುವ ದಿನ ಆಯಿ ತಲೆಯ ಮೇಲೆ ತಾರಲೆ ಬುಟ್ಟಿ ಹೊತ್ತುಕೊಂಡೇ ಮುಂದೆ ನಿಂತಿದ್ದಳು. ಮೀನುಗಾರಿಕೆ ಇಲಾಖೆಯಿಂದ ಬಂದಿದ್ದ ಅಧಿಕಾರಿ ಮೇಡಂ ಒಂದೊಂದೇ ಹೆಸರು ಓದಿದರು. ಕೊನೆಯವರೆಗೂ ಆಯಿಯ ಹೆಸರು ಬರಲಿಲ್ಲ.

ನಾನು ಓಡಿದೆ. "ಮೇಡಂ, ಜಾಗ ಕೊಟ್ಟವರೇ ಅವರು!"

"ಹೌದು ಸರ್, ಅದಕ್ಕೇ ಸಹಭಾಗಿಗಳಲ್ಲಿ ಮೊದಲ ಹೆಸರು ಅವರದು. ಫಲಾನುಭವಿಗಳಲ್ಲಿ ಇಲ್ಲ. ಅರ್ಜಿ ನಿಮ್ಮದೇ ಅಕ್ಷರ ಅಲ್ವಾ?"

ಅಕ್ಷರ ನನ್ನದೇ. ಈಗ ಸೇರಿಸಿ ಎಂದೆ. ಚೌಕಟ್ಟುಗಳೆಲ್ಲ ಹಂಚಿಹೋದವು, ಪಟ್ಟಿ ತಿದ್ದಬೇಕಾದರೆ ರಾಜ್ಯದವರೂ ಕೇಂದ್ರದವರೂ ಒಪ್ಪಬೇಕು ಎಂದರು. ಯಾರನ್ನು ಕೇಳಬೇಕು ಎಂದರೆ ಅಂಕೋಲೆಯ ಕಚೇರಿ ಎಂದರು. ಅಲ್ಲಿಗೆ ಫೋನ್ ಹಚ್ಚಿದರೆ ಕಾರವಾರ ಎಂದರು. ಕಾರವಾರದವರು, ಕಟ್ಟೆ ಹಸ್ತಾಂತರವಾಗಿದೆ, ಊರಿನವರನ್ನೇ ಕೇಳಿ ಎಂದರು. ಊರಿನವರೆಂದರೆ ಅಲ್ಲಿ ನಿಂತಿದ್ದ ನಾವೇ! ಅಕ್ಕಪಕ್ಕದ ಹೆಂಗಸರು ತಮ್ಮ ತಮ್ಮ ಚೌಕಟ್ಟಿನ ಮೇಲೆ ಮೀನು ಹರಡತೊಡಗಿದ್ದರು. ಕೊಟ್ಟವರು ಬೇರೆ, ಪಡೆಯುವವರು ಬೇರೆ ಆಗುವುದು ಹೇಗೆ? ನನ್ನ ತಪ್ಪೋ, ಅವರ ಪದ್ಧತಿಯೇ ಹಾಗೋ, ತಲೆಬುಡ ತಿಳಿಯಲಿಲ್ಲ. ನಾಚಿಕೆಯಂತೂ ಆಯಿತು.

"ಆಯೀ, ಸರ್ಕಾರದವ್ರು ಹಿಂಗೆ ಮಾಡ್ಬಿಟ್ರು" ಎಂದು ಶುರುಮಾಡಿದೆ.

"ಸರ್ಕಾರ ಯಾರು ಅಂತ ನಂಗೊತ್ತಿಲ್ಲ ಮಗಾ," ಎಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನಾ ಜಾಗ ಕೊಟ್ಟದ್ದು ನೀ ಹೇಳ್ದೆ ಅಂತ."