ಪಾಲಕರ ಸಭೆಗೆ ಅವ್ವ

ಗೆಳೆಯರೇ, ನನ್ನ ನಲವತ್ತೈದನೇ ವಯಸ್ಸಿನಲ್ಲಿ ಇಂದು ಅವ್ವನನ್ನು ಕಾಲೇಜಿಗೆ ಕರೆಸಿದರು. ಎರಡನೇ ಪದವಿಗೆಂದು ಮಲಾಡ್‌ನ ಕಾಲೇಜೊಂದಕ್ಕೆ ಸೇರಿದ್ದೇನೆ. ಮೊದಲ ಸೆಮಿಸ್ಟರ್‌ನಲ್ಲಿ ಅಂಕ ಕಡಿಮೆಯಾದವರು ಪಾಲಕರನ್ನು ಕರೆತರಬೇಕಂತೆ. ನನಗಿಂತ ಚಿಕ್ಕವರಾದ ಪ್ರಾಧ್ಯಾಪಕರು ಸಂಕೋಚದಿಂದಲೇ, "ರೂಲ್ ಎಲ್ಲರಿಗೂ ಒಂದೇ, ಮೇಡಂ," ಎಂದಿದ್ದರು.

ನಾನು ಶಾಲೆಯಲ್ಲಿದ್ದಾಗ ಕಟ್ಟಡದ ಕೆಲಸ ಬಿಟ್ಟು ಒಂದು ಸಭೆಗೂ ಬರಲು ಅವ್ವನಿಗೆ ಆಗಿರಲಿಲ್ಲ. ಇಂದು ಇಳಕಲ್ ಸೀರೆ ಉಟ್ಟು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು.

"ಪರೀಕ್ಷಾ ಇದ್ದಾಗೂ ಕಾದಂಬರಿ ಓದ್ಕೋತ ಕುಂದರ್ತಾಳ್ರಿ," ಎಂದು ದೂರಿದಳು. ಪ್ರಾಧ್ಯಾಪಕರಿಗೆ ಕನ್ನಡ ಬಾರದು. ನಾನೇ ಹಿಂದಿಗೆ ಅನುವಾದಿಸಿದೆ, ಒಂದು ಪದವನ್ನೂ ಬಿಡದೆ.

"ನಿಮ್ಮ ಮಗಳು ಜಾಣೆ, ಬರೆಯುವುದು ಮಾತ್ರ ನಿಧಾನ," ಎಂದರು ಅವರು. ಆ ಮಾತನ್ನು ಅವ್ವ ನನ್ನಿಂದ ಎರಡು ಸಲ ಕನ್ನಡದಲ್ಲಿ ಹೇಳಿಸಿದಳು.

ಹೊರಗೆ ಬಂದು, "ಮತ್ತ ಯಾವಾಗ ಕರೀತಾರ?" ಎಂದು ಕೇಳಿದಳು.

"ಮಾರ್ಕ್ಸ್ ಚಲೋ ಬಂದ್ರ ಕರ್ಯಂಗಿಲ್ಲವ್ವಾ."

ಸ್ಟೇಷನ್ ತಲುಪಿ ಸೀರೆಯ ನೆರಿಗೆ ಸರಿಮಾಡಿಕೊಂಡಳು. ಆಮೇಲೆ, "ಒಂದ್ ಪೇಪರ್‌ದಾಗ ಸ್ವಲ್ಪ ಕಡಿಮಿ ಬಂದ್ರ ಏನಾಗೂದಿಲ್ಲ ಬಿಡು," ಎಂದಳು.

ಮುಂದಿನ ಪರೀಕ್ಷೆಗೆ ಎಷ್ಟು ಓದಬೇಕೆಂಬುದೇ ಈಗ ತಿಳಿಯುತ್ತಿಲ್ಲ.