ಲಕ್ಕೂರಿನ ಕ್ವಾರಿಯಲ್ಲಿ ಮೂರು ಜಗ್ಗು

ಈ ಕತೆ ತೆಗೆದಾಗಲೆಲ್ಲ ನನ್ನ ಹೆಂಡತಿ, "ಬಾಗಿಲು ಹಾಕಿದ್ದೀನಾ ಅಂತ ರಾತ್ರಿ ನಾಲ್ಕು ಸಲ ಎದ್ದು ನೋಡೋ ಮನುಷ್ಯ ನೀವು. ನೀವು ಕಂಡಿದ್ದನ್ನ ಯಾರು ನಂಬ್ತಾರೆ" ಎನ್ನುತ್ತಾಳೆ. ನಂಬದಿದ್ದರೆ ಬೇಡ. ಆದರೆ ನನ್ನ ಬಲ ಅಂಗೈಯಲ್ಲಿ ಹಗ್ಗ ಉಜ್ಜಿ ಸುಟ್ಟ ಗೆರೆಯಿದೆ. ಜೋಯಿಸರೊಬ್ಬರು ಅದನ್ನೇ ಆಯುಷ್ಯರೇಖೆ ಎಂದುಕೊಂಡು ನನಗೆ ನೂರು ವರ್ಷ ಬರೆದುಕೊಟ್ಟಿದ್ದಾರೆ.

ಎಂಬತ್ತರ ದಶಕದ ಆರಂಭ. ಮುಳಬಾಗಿಲಿನ ನಮ್ಮ ಮನೆತನದಲ್ಲಿ ಎಲ್ಲರೂ ಪೌರೋಹಿತ್ಯ, ಇಲ್ಲವೇ ಗುಮಾಸ್ತಗಿರಿ. ಎರಡೂ ಬಾರದ ನಾನು ಡಿಪ್ಲೊಮಾ ಮಾಡಿ ಒಬ್ಬ ಕಂಟ್ರಾಕ್ಟರ ಬಳಿ ಸೂಪರ್‌ವೈಸರ್ ಆಗಿದ್ದೆ. ಬಂದರಿನ ಮುಂದೆ ಅಲೆ ತಡೆಯಲು ಸಮುದ್ರದೊಳಕ್ಕೆ ಕಲ್ಲಿನ ಗೋಡೆ ಹಾಕುತ್ತಾರಲ್ಲ, ಅದರ ಮೈಮೇಲೆ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳನ್ನು ಒಂದರೊಳಗೊಂದು ಸಿಕ್ಕಿಸಿ ಕೂರಿಸಬೇಕು. ಟೆಟ್ರಾಪಾಡ್ ಎಂದು ಹೆಸರು. ನಮ್ಮ ಹೊಲದ ನೆಗ್ಗಿಲುಮುಳ್ಳು ಎಮ್ಮೆಯಷ್ಟಾದರೆ ಹೇಗೋ ಹಾಗೆ. ಒಂದರ ಕಾಲು ತಪ್ಪಿ ಕೂತರೂ ಮಳೆಗಾಲದ ಅಲೆ ಇಡೀ ಸಾಲನ್ನು ಕಿತ್ತೆಸೆಯುತ್ತದೆ. ಅದಕ್ಕೆಂದೇ ನುರಿತ ತಂಡ ಬೇಕು. ಆ ತಂಡವನ್ನು ಪಳಗಿಸಲು ಕಂಟ್ರಾಕ್ಟರು ಆರಿಸಿದ ಜಾಗ, ಮಾಲೂರು ತಾಲ್ಲೂಕಿನ ಲಕ್ಕೂರಿನ ಹತ್ತಿರ ನೀರು ತುಂಬಿ ನಿಂತ ಹಳೇ ಕಲ್ಲುಕ್ವಾರಿ. ಸಮುದ್ರವನ್ನೇ ಕಾಣದ ನಾವು ಸಮುದ್ರದ ಕೆಲಸ ಕಲಿಯಲು ಕೂತದ್ದು ಅಲ್ಲಿ.

ಆ ಕ್ವಾರಿಗೆ ನಾವು ಬಂದದ್ದು ಇಷ್ಟವಿರಲಿಲ್ಲ. ಇದು ನನ್ನ ಹೆದರುಪುಕ್ಕಲು ಮನಸ್ಸಿನ ಮಾತು ಇರಬಹುದು. ಆದರೆ ದಿನಕ್ಕೊಂದು ಕಲ್ಲು ಮೇಲಿನಿಂದ ನಮ್ಮ ಕಡೆಗೇ ಉರುಳುತ್ತಿತ್ತು. ಒಂದು ಬಾಷಾನ ಬುತ್ತಿಯ ಡಬ್ಬಿಯ ಮೇಲೆ, ಇನ್ನೊಂದು ನನ್ನ ಕೊಡೆಯ ಮೇಲೆ.

ಬಾಷಾ ಕೋಲಾರದವನು, ಕ್ರೇನ್ ಡ್ರೈವರ್. ನನ್ನನ್ನು ಕಂಡರೆ ಅವನಿಗೆ ಆಗದು. ಬೆನ್ನ ಹಿಂದೆ, ಕೆಲವೊಮ್ಮೆ ಎದುರಿಗೇ, ಪುಳಿಚಾರು ಎನ್ನುತ್ತಿದ್ದ. ನೀರಿಗೆ ಇಳಿಯುವವನು ಗೌನಿಪಲ್ಲಿಯ ವೆಂಕಟರವಣಪ್ಪ. ಬಾವಿಗೆ ಬಿದ್ದ ಬಿಂದಿಗೆ, ಕರು, ಕೆಲವು ಸಲ ಮನುಷ್ಯರನ್ನೂ ಮೇಲೆ ತಂದವನು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಉಸಿರು ಬಿಗಿಹಿಡಿದು ತಳಕ್ಕೆ ಹೋಗಿ, ಕೆಳಗಿನ ದಿಮ್ಮಿಗಳ ನಡುವೆ ಸಂದು ಎಲ್ಲಿದೆ ಎಂದು ನೋಡಿ, ಪಕ್ಕಕ್ಕೆ ಸರಿದು, ಹಗ್ಗ ಜಗ್ಗಿ ಸನ್ನೆ ಮಾಡುತ್ತಿದ್ದ. ಕೊನೆಗೆ ಗೊತ್ತುಮಾಡಿಕೊಂಡ ಲೆಕ್ಕ ಮೂರು ಜಗ್ಗು. ದಡದಲ್ಲಿ ಹಗ್ಗ ಹಿಡಿದವನು ನಾನು. ಅನುಮಾನ ಬಂದರೆ ನಾನೂ ಮೂರು ಸಲ ಜಗ್ಗಿ ಕೇಳಬೇಕು, ಅವನು ಮತ್ತೆ ಮೂರು ಜಗ್ಗಿ ಹೌದು ಎನ್ನಬೇಕು. ಆಮೇಲೆ ನಾನು "ಆರಿಯಾ" ಅಂದರೆ ಬಾಷಾ ದಿಮ್ಮಿ ಇಳಿಸುತ್ತಾನೆ. "ಹಬೀಸ್" ಅಂದರೆ ಎತ್ತುತ್ತಾನೆ. ಬೇರೆ ಯಾರ ಮಾತಿಗೂ ಕ್ರೇನ್ ಅಲುಗುವಂತಿಲ್ಲ.

"ನನ್ನ ಕೈಗೇ ಯಾಕೆ ರವಣಣ್ಣ? ನನ್ನ ಕೈ ನಡುಗುತ್ತೆ" ಅಂದಿದ್ದೆ ಮೊದಲ ದಿನ.

"ಅದಕ್ಕೇ ಸಾಮಿ. ಧೈರ್ಯ ಇರೋನ ಕೈಗೆ ಹಗ್ಗ ಕೊಟ್ರೆ ಬೀಡಿ ಹಚ್ಕೊಂಡು ಕೂತ್ಕೋತಾನೆ. ಭಯ ಇರೋನು ರೆಪ್ಪೆ ಹೊಡಿಯಲ್ಲ."

"ಹಂಗಾದ್ರೆ ಇವ್ರಿಗೆ ಪ್ರಮೋಷನ್ನೇ ಕೊಡ್ಬೇಕು" ಎಂದ ಬಾಷಾ ಕ್ಯಾಬಿನ್ನಿನಿಂದ. "ಬೆಳಿಗ್ಗೆ ಕಪ್ಪೆ ಎಗರಿದ್ದಕ್ಕೆ ಹಬೀಸ್ ಅಂದ್ರು."

ಸಮುದ್ರದಲ್ಲಿ ಇಳಿತ ಬಂದಾಗ ಕೆಲಸ ಮಾಡಬೇಕು, ಹಗಲು ರಾತ್ರಿ ನೋಡುವಂತಿಲ್ಲ. ಹಾಗಾಗಿ ರಾತ್ರಿಯ ಅಭ್ಯಾಸವೂ ಇತ್ತು. ಅದು ಎರಡನೆಯ ರಾತ್ರಿ. ಬಂಡೆಯ ಹಿಂದೆ ಜನರೇಟರ್ ಡುಗುಡುಗು ಎನ್ನುತ್ತಿತ್ತು. ಎರಡು ದೀಪದ ಬೆಳಕು ನೀರಿನ ಮೇಲೆ ಎಣ್ಣೆಯ ಹಾಗೆ ಬಿದ್ದಿತ್ತು, ಒಳಕ್ಕೆ ಇಳಿದಿರಲಿಲ್ಲ. ಕೊಕ್ಕೆಯಲ್ಲಿ ದಿಮ್ಮಿ ಅರ್ಧ ಮುಳುಗಿ ತೂಗುತ್ತಿತ್ತು.

ರವಣಣ್ಣ ಮುಳುಗಿದ. ನಾನು ಎಣಿಸತೊಡಗಿದೆ. ತಳ ಮುಟ್ಟಲು ಅವನಿಗೆ ಇಪ್ಪತ್ತು ಎಣಿಸುವಷ್ಟು ಹೊತ್ತು ಬೇಕು.

ಹನ್ನೊಂದಕ್ಕೆ ಹಗ್ಗ ಅಲುಗಿತು. ಒಂದು... ಎರಡು... ಮೂರು.

ಬೇಗ ಆಯಿತಲ್ಲ ಅನ್ನಿಸಿತು. ಮೂರು ಸಲ ಜಗ್ಗಿ ಕೇಳಿದೆ. ಉತ್ತರ ಬಂತು. ಒಂದು... ಎರಡು... ಮೂರು. ರವಣಣ್ಣ ಮೀನು ಕಚ್ಚಿದ ಹಾಗೆ ಟಕಟಕ ಜಗ್ಗುವವನು. ಇದು ನಿಧಾನ. ಈಗಷ್ಟೇ ಎಣಿಸಲು ಕಲಿತವರು ಎಣಿಸಿದ ಹಾಗೆ.

"ಏನ್ ಸಾರ್, ಪಂಚಾಂಗ ನೋಡ್ತಿದ್ದೀರಾ?" ಬಾಷಾ ರೇಗಿದ.

"ಆರಿಯಾ" ಅಂದೆ.

ಹೌದು, ಅಂದೆ. ಸಂಕೋಚಕ್ಕೆ, ಬಾಷಾನ ನಗುವಿಗೆ ಹೆದರಿ ಅಂದೆ. ತಂತಿ ಕಿರುಗುಟ್ಟಿತು, ದಿಮ್ಮಿ ಪೂರ್ತಿ ಮುಳುಗಿತು. ಆಗ ಮೂಗಿಗೆ ಮದ್ದಿನ ವಾಸನೆ ಬಂತು. ಬಂಡೆ ಸಿಡಿಸಿದ ಕೂಡಲೇ ಬರುತ್ತದಲ್ಲ, ಗಂಟಲು ಕೆರೆಯುವ ಬಿಸಿ ವಾಸನೆ, ಅದು. ಆ ಕ್ವಾರಿಯಲ್ಲಿ ಸಿಡಿಮದ್ದು ಇಟ್ಟು ಎಷ್ಟೋ ವರ್ಷವಾಗಿತ್ತು. ಹಗ್ಗ ಹಿಡಿದ ಕೈಯನ್ನು ಮೂಗಿನ ಬಳಿ ತಂದೆ. ವಾಸನೆ ಹಗ್ಗದಿಂದ ಬರುತ್ತಿತ್ತು.

"ನಿಲ್ಲಿಸು ಬಾಷಾ... ಹಬೀಸ್, ಹಬೀಸ್."

"ತಲೆ ಕೆಟ್ಟಿದೆಯೇನ್ರಿ ನಿಮಗೆ?" ಎನ್ನುತ್ತಲೇ ಅವನು ಎತ್ತಿದ.

ಹಗ್ಗ ಮತ್ತೆ ಮೂರು ಜಗ್ಗಿತು. ಮತ್ತೆ ಮೂರು. ಈಗ ಸಿಟ್ಟಿನಲ್ಲಿ. ಅಂಗೈ ಉರಿಯಿತು, ನಾನು ಒಂದು ಹೆಜ್ಜೆ ನೀರಿನ ಕಡೆಗೆ ಜಾರಿದೆ.

ಅಷ್ಟರಲ್ಲಿ ಎಡಗಡೆ, ಹತ್ತು ಮಾರು ಆಚೆ, ಯಾರೋ ಉಬ್ಬಸದಿಂದ ಉಸಿರೆಳೆದರು. ರವಣಣ್ಣ ಬಂಡೆ ತಬ್ಬಿಕೊಂಡು ಮೇಲೆ ಬರುತ್ತಿದ್ದ. ಭುಜದ ತೊಗಲು ಕಿತ್ತು ರಕ್ತ ಸೋರುತ್ತಿತ್ತು. ಸೊಂಟದಲ್ಲಿ ಹಗ್ಗವಿರಲಿಲ್ಲ.

"ಎವುರು... ಯಾರು ಸಾಮಿ ಒಳಗೆ ಇಳಿದೋರು?" ಅಂದ. ಹಲ್ಲು ಕಟಕಟ ಬಡಿಯುತ್ತಿತ್ತು. "ಅರ್ಧ ದಾರೀಲೇ ಗಂಟು ಬಿಚ್ಚಿದ್ರು. ಎರಡು ಕೈ. ಮಗೂಗೆ ಉಡಿದಾರ ಬಿಚ್ಚಿದಂಗೆ, ಮೆಲ್ಲಗೆ. ಆಮೇಲೆ ತಲೆ ಮೇಲೆ ದಿಮ್ಮಿ ಬಂತು..."

ಅವನಿಗೆ ನನ್ನ ಕೈ ತೋರಿಸಿದೆ. ಬಿಗಿಯಾಗಿದ್ದ ಹಗ್ಗ, ಮೂವರೂ ನೋಡುತ್ತಿದ್ದಂತೆ, ಮೂರು ಸಲ ಜಗ್ಗಿತು.

ಬಾಷಾ ಕ್ಯಾಬಿನ್ನಿನಿಂದ ಇಳಿದು ಬಂದು ಎರಡು ಬೆರಳಲ್ಲಿ ಹಗ್ಗ ಮುಟ್ಟಿದ. ಅವನ ಮುಖದಲ್ಲಿದ್ದ ಕೊಂಕೆಲ್ಲ ಇಳಿದುಹೋಯಿತು.

"ಬಿಟ್ಬಿಡಿ ಸಾರ್" ಎಂದ ಪಿಸುದನಿಯಲ್ಲಿ.

"ಕೈ ಬಿಡ್ತಿಲ್ಲ ಬಾಷಾ."

ನಿಜಕ್ಕೂ ಬೆರಳು ಬಿಚ್ಚುತ್ತಿರಲಿಲ್ಲ. ಕೊನೆಗೆ ರವಣಣ್ಣನೇ ಕುಡುಗೋಲು ತಂದು ಹಗ್ಗ ಕೊಯ್ದ. ತುಂಡಾದ ಹಗ್ಗ ಸರ್ರನೆ ಹೋಗಲಿಲ್ಲ. ಗೇಣು ಗೇಣಾಗಿ ಒಳಗೆ ಹೋಯಿತು... ಕೆಳಗೆ ಯಾರೋ ಕೂತು ಸಿಂಬೆ ಸುತ್ತಿಕೊಳ್ಳುತ್ತಿರುವ ಹಾಗೆ.

ಒಬ್ಬರು ಕೂರುವ ಕ್ಯಾಬಿನ್ನಿನಲ್ಲಿ ಮೂವರೂ ತುರುಕಿಕೊಂಡು ಬೆಳಗು ಮಾಡಿದೆವು. ನನ್ನ ಲೋಟ ಮುಟ್ಟಲೂ ಇಷ್ಟಪಡದ ಬಾಷಾ ನನ್ನ ತೊಡೆಯ ಮೇಲೆಯೇ ಕೂತಿದ್ದ.

ಮಬ್ಬು ಹರಿಯುವಾಗ ರವಣಣ್ಣ ಕೇಳಿದ. "ಆರಿಯಾ ಅಂದಿದ್ದು ನೀವೇನಾ ಸಾಮಿ?"

"ಮೂರು ಜಗ್ಗಿತು ರವಣಣ್ಣ. ಕೇಳಿದೆ. ಉತ್ತರ ಬಂತು."

"ನೆನ್ನೆ ತನಕ ಎರಡು ಜಗ್ಗು ಇತ್ತಲ್ಲ. ಸಾಯಂಕಾಲ ತಾನೇ ಮೂರು ಮಾಡಿದ್ವಿ. ಹೊರಗಿನವರಿಗೆ ಹೆಂಗೆ ಗೊತ್ತಾಯ್ತು?"

ಎರಡು ಜಗ್ಗು ಆಕಸ್ಮಿಕವಾಗಿಯೂ ಬರಬಹುದು ಎಂದು ಚಿಂತೆ ಮಾಡಿ ಮೂರಕ್ಕೆ ಬದಲಾಯಿಸಿದವನು ನಾನು. ಮರೆತಾರು ಎಂಬ ಭಯಕ್ಕೆ, ಹೊತ್ತು ಮುಳುಗುವಾಗ ನೀರಿನ ಅಂಚಿನಲ್ಲೇ ನಿಂತು, ಮಗ್ಗಿ ಹೇಳಿಸಿದ ಹಾಗೆ ಇಬ್ಬರಿಂದಲೂ ಗಟ್ಟಿಯಾಗಿ ಎರಡೆರಡು ಸಲ ಹೇಳಿಸಿದ್ದೆ. ಮೂರು ಜಗ್ಗಿದರೆ ಇಳಿಸು. ಕೇಳಿದರೆ ಮತ್ತೆ ಮೂರು.

ರವಣಣ್ಣ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೆಲಸ ಬಿಟ್ಟು ಹೋಗುವ ಸ್ಥಿತಿಯಲ್ಲಿ ನಮ್ಮಲ್ಲಿ ಯಾರೂ ಇರಲಿಲ್ಲ. ಮರುದಿನ ಸಂಜೆ ಹೊಸ ಹಗ್ಗ ಬಂತು. ನಾನು ಕೈ ಚಾಚಿದೆ. ರವಣಣ್ಣ ನನ್ನನ್ನು ದಾಟಿ ಹೋಗಿ, ಹಗ್ಗದ ತುದಿಯನ್ನು ದಡದ ಗುಂಡುಕಲ್ಲಿಗೆ ಸುತ್ತಿ ಗಂಟು ಹಾಕಿದ.

"ನಾನು ಮೇಲೆ ಬಂದು ಬಾಯಲ್ಲಿ ಹೇಳಿದ ಮೇಲೇ ಇಳಿಸು ಬಾಷಾ" ಎಂದ. ನನ್ನ ಕಡೆ ನೋಡದೆ, "ಕಲ್ಲು ಯಾರಿಗೂ ಉತ್ತರ ಕೊಡಲ್ಲ ಸಾಮಿ" ಎಂದು ಮುಳುಗಿದ.

ಆ ಹಗ್ಗ ಎಷ್ಟು ಸಲ ಅಲುಗುತ್ತದೋ ಕಾಣಬಾರದೆಂದು ನಾನು ಬೆನ್ನು ತಿರುಗಿಸಿ ನಿಂತೆ. ಬಾಷಾ ನೋಡುತ್ತಿದ್ದ. ರವಣಣ್ಣ ಮೇಲೆ ಬಂದು ಕೂಗಿದ ಮೇಲೂ ಬಹಳ ಹೊತ್ತು ಅವನು, ತುಟಿಯಲ್ಲೇ ಏನೋ ಎಣಿಸುತ್ತ, ಆ ಕಲ್ಲನ್ನೇ ನೋಡುತ್ತಿದ್ದ. ಏನು ಕಂಡ ಎಂದು ನಾನು ಕೇಳಲಿಲ್ಲ.